ಮಂಗಟ್ಟೆ ಹಕ್ಕಿ ಅಜ್ಜಿಯನ್ನು ಒಪ್ಪಿಸಿದ ಬೆಳಿಗ್ಗೆ

ಇಂದು ಗಜೇಂದ್ರಗಡದ ಸಂತೆಯಲ್ಲಿ ಹಲಸಿನ ಹಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ಅಂಕೋಲೆಯ ಕಾಡಂಚಿನ ನಮ್ಮ ಬಾಡಿಗೆ ಮನೆ ನೆನಪಾಯಿತು. ಅಪ್ಪ ಅಲ್ಲಿ ಮಾಸ್ತರರಾಗಿದ್ದರು.

ತಮ್ಮ ಹುಟ್ಟಿದಾಗ ಅವ್ವನ ಬಾಣಂತನಕ್ಕೆಂದು ಅಬ್ಬಿಗೇರಿಯಿಂದ ಅಜ್ಜಿ ಬಂದಿದ್ದಳು. ಅಪ್ಪ ಗಂಜಿ ಹಿಡಿದು ಬಾಗಿಲಿಗೆ ಬಂದರೂ ತಡೆಯುತ್ತಿದ್ದಳು. “ಬಾಣಂತಿ ಖೋಲ್ಯಾಗ ಗಂಡಸರು ಬರಬಾರ್ದ್ರಿ.” ಅಪ್ಪ ಇನ್ನೂ ಕೂಸಿನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ.

ಪಕ್ಕದ ಮನೆಯ ಹಾಲಕ್ಕಿ ಒಕ್ಕಲಿಗರ ಹೆಂಗಸು ಬೀರಮ್ಮ ಕೊರಳ ತುಂಬ ಮಣಿಸರ ಹಾಕಿಕೊಂಡು, ಗೋಡೆಗೆ ಅಕ್ಕಿಹಿಟ್ಟಿನ ಚಿತ್ತಾರ ಬರೆಯುತ್ತ ಇದನ್ನೆಲ್ಲ ಕೇಳುತ್ತಿದ್ದಳು. ಒಂದು ಬೆಳಿಗ್ಗೆ ಅಜ್ಜಿಯ ಕೈಹಿಡಿದು ಹಿತ್ತಲಾಚೆಯ ದೊಡ್ಡ ಮರದ ಹತ್ತಿರ ಕರೆದೊಯ್ದಳು. ನಾನೂ ಹಿಂದೆ ಹೋದೆ. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯೊಂದು ಪೊಟರೆಯ ಸಣ್ಣ ಕಿಂಡಿಯೊಳಗೆ ಅತ್ತಿಹಣ್ಣು ತುರುಕುತ್ತಿತ್ತು.

“ಮರಿ ಮಾಡೂಕೆ ಹೆಣ್ಣು ಒಳಗೆ ಕೂತದೆ ಅಮ್ಮಾ. ಗಂಡೇ ತಂದು ಉಣಸ್ತದೆ,” ಎಂದಳು ಬೀರಮ್ಮ.

ಅಜ್ಜಿ ತುಸು ಹೊತ್ತು ನೋಡಿದಳು. ಆಮೇಲೆ ಬಾಯಿಗೆ ಸೆರಗು ಹಿಡಿದು ನಕ್ಕಳು. “ಖರೇನವಾ, ಈ ಹಕ್ಕಿಗಿರೋ ಬುದ್ಧಿ ನನಗ ಬರಲಿಲ್ಲ ನೋಡ.”

ಮನೆಗೆ ಬಂದವಳೇ, “ಬರ್ರಿ ಅಳಿಯಾರ,” ಎಂದು ಅಪ್ಪನನ್ನು ಒಳಗೆ ಕರೆದು ಕೂಸನ್ನು ಅವರ ಕೈಗಿಟ್ಟಳು.

ತಮ್ಮನಿಗೆ ಈಗ ಕೂದಲು ನರೆತಿದೆ. ಸಂಜೆ ಫೋನಿನಲ್ಲಿ ಇದನ್ನು ಹೇಳಿದಾಗ, “ನನ್ನ ಎತ್ತಿಕೊಂಡು ಅಪ್ಪ ಏನಂದ್ರು?” ಎಂದು ಕೇಳಿದ.

“ಏನೂ ಅನ್ನಲಿಲ್ಲಪಾ,” ಎಂದೆ. “ಅತ್ತಬಿಟ್ರು.”