ಚರ್ಚಿನೊಳಗೆ ಎದುರಾಡಬಾರದು

ತಸಿಯಾಲುಕ್‌ನಲ್ಲಿ ಹುಟ್ಟಿ ಬೆನಿಗ್ನ ಮಾಡಿದ ತಪ್ಪು ಒಂದೇ, ಇಂಗ್ಲಿಷ್ ಕಲಿತದ್ದು. ಹದಿನಾರಕ್ಕೆ ಕ್ಷಯ ಹಿಡಿದು ದಕ್ಷಿಣದ ಆಸ್ಪತ್ರೆಯಲ್ಲಿ ಎರಡು ವರ್ಷ ಮಲಗಿದ್ದಳು. ಎದ್ದು ಬರುವಾಗ ಒಂದು ಶ್ವಾಸಕೋಶ ಹೋಗಿತ್ತು, ಒಂದು ಭಾಷೆ ಬಂದಿತ್ತು. ಉತ್ತರದ ಹಿಮನಾಡು ಲ್ಯಾಬ್ರಡಾರ್, ಅದರ ತೀರದ ಕೊನೆಯ ಊರು ತಸಿಯಾಲುಕ್; ಅಲ್ಲಿಗೆ ಯಾವ ದೊರೆ ಬಂದರೂ ಮಾತು ದಾಟಿಸಲು ಅವಳಿಗೇ ಕರೆ. ಅಣ್ಣ ಬೋವಸ್‌ಗೆ ಹೆಮ್ಮೆಯೋ ಹೆಮ್ಮೆ. ಸೀಲ್ ಬೇಟೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. "ನಮ್ಮ ಬೆನಿಗ್ನಂಗೆ ಎರಡು ನಾಲಿಗೆ, ಹುಷಾರಾಗಿರಿ!" ಎಂದು ಛೇಡಿಸುತ್ತಿದ್ದ.

ಆ ವರ್ಷ ಈಸ್ಟರ್ ಮರುದಿನ ಸರ್ಕಾರದವನೊಬ್ಬ ಬಂದ. ಸಭೆ ಕರೆದದ್ದು ಚರ್ಚಿನಲ್ಲಿ. ಅಂಗಡಿ ಮುಚ್ಚುತ್ತದೆ, ನರ್ಸ್ ಹೋಗುತ್ತಾಳೆ, ಶರತ್ಕಾಲದೊಳಗೆ ಎಲ್ಲರೂ ಊರು ಬಿಟ್ಟು ದಕ್ಷಿಣಕ್ಕೆ ಹೊರಡಬೇಕು ಎಂದು ಓದಿದ. ಬೆನಿಗ್ನ ಮುಂದೆ ನಿಂತು ಒಂದೊಂದು ಸಾಲನ್ನೂ ತಮ್ಮ ಮಾತಿಗೆ ತಂದಳು. ಒಪ್ಪದವರು ಹೇಳಬಹುದು ಎಂದ. ಅದನ್ನೂ ತಂದಳು.

ಹೇಳುವವರು ಯಾರು? ಆ ಸೂರಿನ ಕೆಳಗೆ ಹಾಡಬಹುದು, ಅಳಬಹುದು, ಎದುರಾಡುವಂತಿಲ್ಲ. ಹಾಲು ಕುಡಿಯುವ ಮಗುವಿಗೂ ಅದು ಗೊತ್ತು. ಪಾದ್ರಿಗೂ ಗೊತ್ತಿತ್ತು, ಆತ ತನ್ನ ಬೂಟು ನೋಡುತ್ತ ಕುಳಿತ. ಸರ್ಕಾರದವನು ಹೊರಗೆ ಬಂಡಿ ಎಳೆಯುವ ನಾಯಿಗಳ ಪಕ್ಕ ನಿಂತು ಕೇಳಿದ್ದರೆ ಊರಿಗೆ ಊರೇ ಅವನ ಮೈಮೇಲೆ ಬೀಳುತ್ತಿತ್ತು.

"ಏನಂತಾರೆ?" ಎಂದ ಸರ್ಕಾರದವನು.

"ಏನೂ ಹೇಳ್ತಿಲ್ಲ," ಎಂದಳು ಬೆನಿಗ್ನ.

ಮೌನಂ ಸಮ್ಮತಿ ಲಕ್ಷಣಂ ಎನ್ನುವುದು ಇಂಥವರಿಗೆಂದೇ ಹುಟ್ಟಿದ ಮಾತು. ಊರು ಒಪ್ಪಿತು ಎಂದು ಬರೆದುಕೊಂಡು ಅವನು ಚಹಾಕ್ಕೆ ಎದ್ದ.

ದಕ್ಷಿಣದಲ್ಲಿ ಅವರಿಗೆ ಸಿಕ್ಕಿದ್ದು ಊರಾಚೆಯ ಜವುಗಿನಲ್ಲಿ ಹಲಗೆ ಮನೆ. ಮೀನು ಸಿಗುವ ಜಾಗಗಳೆಲ್ಲ ಅಲ್ಲಿಯವರ ಪಾಲು. ಬೋವಸ್‌ನಂಥ ಬೇಟೆಗಾರ ಡಬ್ಬಿ ಮಾಂಸಕ್ಕೆ ಸಾಲಿನಲ್ಲಿ ನಿಂತ. ಅವನ ಹೆಂಡತಿ ಮೊದಲ ಚಳಿಗಾಲಕ್ಕೇ ತೀರಿಕೊಂಡಳು. ಅಂದಿನಿಂದ ತಂಗಿಯ ಜೊತೆ ಮಾತು ಬಿಟ್ಟ. ಅಣ್ಣನೇ ಬಿಟ್ಟ ಮೇಲೆ ಊರಿನವರು ಸುಮ್ಮನಿರುತ್ತಾರೆಯೇ? ಎರಡು ನಾಲಿಗೆಯವಳು ಊರನ್ನೇ ಮಾರಿದಳು ಎಂದರು.

ಬೆನಿಗ್ನ ಒಣಮೀನು ಹಿಡಿದು ಅವನ ಬಾಗಿಲಿಗೆ ಹೋಗುತ್ತಿದ್ದಳು. "ಅಣ್ಣಾ, ಬೈಯೋದಾದ್ರೂ ಬೈದ್‌ಬಿಡು. ಒಂದು ಮಾತಾಡು." ಬಾಗಿಲು ತೆರೆಯುತ್ತಿರಲಿಲ್ಲ. ನಲವತ್ತು ವರ್ಷ ಹೀಗೇ ಹೋಯಿತು. ಅವಳಿಗೆ ಬದುಕಿನಲ್ಲಿ ಬೇಕಿದ್ದದ್ದು ಅವನ ಬಾಯಿಂದ ಒಂದು ಮಾತು, ಅಷ್ಟೇ.

ಒಂದು ಬೇಸಿಗೆ, ಉಳಿದ ಮುದುಕರನ್ನೆಲ್ಲ ದೋಣಿಯಲ್ಲಿ ತಸಿಯಾಲುಕ್‌ಗೆ ಕರೆದೊಯ್ದರು. ಮನೆಗಳಿದ್ದ ಕಡೆ ಹುಲ್ಲು. ಚರ್ಚು ಮಾತ್ರ ನಿಂತಿತ್ತು. ಉಳಿದವರು ಗೋರಿಗಳ ಕಡೆ ನಡೆದರು. ಕಾಲು ಸೋತ ಬೋವಸ್ ಚರ್ಚಿನೊಳಗೆ ಗಂಡಸರ ಕಡೆಯ ಕೊನೆ ಬೆಂಚಿನಲ್ಲಿ ಕುಳಿತ. ಬೆನಿಗ್ನ ಹೆಂಗಸರ ಕಡೆ ಕುಳಿತಳು.

"ಅವತ್ತು ನಾನು ಎದ್ದಿದ್ದೆ," ಎಂದ ಬೋವಸ್.

ಅವಳು ಅವನ ಕಡೆ ತಿರುಗಿದಳು.

"ಬೇಡ ಅನ್ನೋಣ ಅಂತ ಅರ್ಧ ಎದ್ದಿದ್ದೆ, ಇದೇ ಬೆಂಚಿಂದ. ಉಳಿದೋರೆಲ್ಲ ಮುಂದೆ ನೋಡ್ತಿದ್ರು. ನೀನೊಬ್ಬಳು ನನ್ನ ಕಡೆ ನೋಡಿದೆ. ಹೆದರಿ ಕೂತ್‌ಬಿಟ್ಟೆ. ನನ್ನ ಹೇಡಿತನ ಕಂಡವಳು ನೀನೊಬ್ಬಳೇ. ಆ ಮುಖ ಹೇಗೆ ನೋಡ್ಲಿ?"

"ನಾನು ನೋಡ್ಲೇ ಇಲ್ಲವಲ್ಲೋ ಅಣ್ಣಾ," ಎಂದಳು ಬೆನಿಗ್ನ. "ಅಂಥ ಸುದ್ದಿ ಹೇಳಿ ಯಾರ ಮುಖ ನೋಡ್ಲಿ? ಕಣ್ಣು ಮುಚ್ಚಿಕೊಂಡಿದ್ದೆ. ನೀನು ಎದ್ದದ್ದು ಕಂಡಿದ್ರೆ, ಒಬ್ಬ ಎದ್ದಿದಾನೆ ಅಂತ ಆ ಸರ್ಕಾರದೋನಿಗೆ ಹೇಳ್ತಿದ್ದೆ."

ಬೋವಸ್ ಮುಂದಿನ ಬೆಂಚಿನ ಅಂಚು ಹಿಡಿದುಕೊಂಡ.

"ಊರು ಮಾರಿದವಳು ಅಂತ ಎಲ್ರೂ ಅಂದಾಗ, ಸುಳ್ಳು ಅಂತ ಗೊತ್ತಿದ್ದೂ ನೀನು ಸುಮ್ನಿದ್ದೆ," ಎಂದಳು ಅವಳು.

ಎದ್ದು ದೋಣಿಯ ಕಡೆ ನಡೆದಳು. "ಬೆನಿಗ್ನಾ," ಎಂದು ಅವನು ಹಿಂದಿನಿಂದ ಕರೆದ. ಅವಳು ಓಗೊಡಲಿಲ್ಲ. ದಾರಿಯುದ್ದಕ್ಕೂ ಓಗೊಡಲಿಲ್ಲ. ಆಮೇಲೆ ಅವನು ಬದುಕಿದ್ದ ಎರಡು ವರ್ಷವೂ ಓಗೊಡಲಿಲ್ಲ.