ಬುಧವಾರದ ಅವರೆಕಾಳು

ಮೀಟಿಂಗ್ ನಡುವೆ ಯಾರದಾದರೂ ಮನೆಯಲ್ಲಿ ಕುಕ್ಕರ್ ಕೂಗಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. "ಯಾರ ಮನೇದಮ್ಮ ಕುಕ್ಕರು? ಮ್ಯೂಟ್ ಮಾಡ್ಕೊಳ್ಳಿ" ಎಂದು ದಿನಕ್ಕೊಮ್ಮೆಯಾದರೂ ಗದರುತ್ತಿದ್ದೆ. ನಮ್ಮದು ಹನಿ ನೀರಾವರಿ ಸಾಮಾನು ಮಾರುವ ಕಂಪನಿಯೊಂದರ ಸಹಾಯವಾಣಿ. ಫಿಲ್ಟರ್ ಕಟ್ಟಿಕೊಂಡಿದೆ, ಇಲಿ ಪೈಪು ಕಡಿದಿದೆ, ಕೊನೆಯ ಸಾಲಿಗೆ ನೀರು ಹೋಗುತ್ತಿಲ್ಲ ಎಂದು ರೈತರು ಫೋನ್ ಮಾಡುತ್ತಾರೆ. ಕನ್ನಡದಲ್ಲೋ ತೆಲುಗಿನಲ್ಲೋ, ಎಷ್ಟೋ ಸಲ ಒಂದೇ ಮಾತಿನಲ್ಲಿ ಎರಡೂ. ಬಿಸಿಲಲ್ಲಿ ನಿಂತು ಗೋಳು ಹೇಳಿಕೊಳ್ಳುವವನಿಗೆ ನಮ್ಮ ಕಡೆಯಿಂದ ಕೋಳಿ ಕೂಗು, ಮಿಕ್ಸಿ ಸದ್ದು ಕೇಳಿಸಬಾರದು ಎಂಬುದು ನನ್ನ ಹಟ.

ಚಿಕ್ಕಬಳ್ಳಾಪುರದಲ್ಲಿ ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ ಒಂದು ಉದ್ದನೆಯ ಕೋಣೆ, ಅದೇ ಆಫೀಸು. ನನ್ನ ಕೈಕೆಳಗೆ ಮೂವರು. ಚಿಂತಾಮಣಿಯಿಂದ ಬರುವ ಬಾಣಂತಿ ಹುಡುಗಿ, ಮೇಲೂರಿನ ರೇಷ್ಮೆ ಮನೆಯ ಹುಡುಗಿ, ಗೌರಿಬಿದನೂರಿನ ಆಚೆ ನಗರಗೆರೆಯಿಂದ ಬಸ್ಸು ಬದಲಿಸಿಕೊಂಡು ಬರುವ ತರುಣ. ಬುಧವಾರ ಎಲ್ಲರೂ ಆಫೀಸಿಗೆ ಬರಬೇಕು, ಮಿಕ್ಕ ದಿನ ಮನೆಯಿಂದ ಕೆಲಸ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅನ್ನುತ್ತಾರಲ್ಲ, ಹಾಗೆ ನಾನೊಬ್ಬಳು ಮಾತ್ರ ದಿನಾ ಹೋಗುತ್ತಿದ್ದೆ. ಕೇಳಿದವರಿಗೆ "ಮನೇಲಿ ನೆಟ್‌ವರ್ಕ್ ಸರಿಯಿಲ್ಲ" ಎನ್ನುತ್ತಿದ್ದೆ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ಮನೆಯಲ್ಲಿ ಮಾತಾಡುವವರಿರಲಿಲ್ಲ, ಅಷ್ಟೇ. ನಾನು ಮದುವೆಯಾಗಲಿಲ್ಲ, ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ. ಜೊತೆಯಲ್ಲಿದ್ದ ಅಮ್ಮ ತೀರಿಕೊಂಡ ಮೇಲೆ ಬಾಡಿಗೆ ಮನೆಯಲ್ಲಿ ಸದ್ದು ಮಾಡುವುದು ಫ್ರಿಜ್ ಒಂದೇ.

ಗದರುತ್ತಿದ್ದೆ ಅಂದೆನಲ್ಲ, ಆ ಸದ್ದುಗಳಿಗೆ ಕಾಯುತ್ತಲೂ ಇದ್ದೆ. ಮಧ್ಯಾಹ್ನವಾದರೆ ನಗರಗೆರೆಯ ಹುಡುಗನ ಅಜ್ಜಿ ಹಿಂದಿನಿಂದ "ಅನ್ನಂ ತಿಂಟಿವಾ ನಾಯನಾ?" ಎಂದು ಕೇಳುವುದು ನನ್ನ ಹೆಡ್‌ಫೋನಿಗೂ ಬರುತ್ತಿತ್ತು. ಅವನು ಗಾಬರಿಯಿಂದ ಮ್ಯೂಟ್ ಒತ್ತುವ ಮೊದಲೇ ನಾನು ಬಾಯೊಳಗೆ "ಇನ್ನೂ ಇಲ್ಲಜ್ಜಿ" ಅಂದುಕೊಂಡು ನನ್ನ ಡಬ್ಬಿ ತೆಗೆಯುತ್ತಿದ್ದೆ.

ಬುಧವಾರದ ವೈಭವ ನೋಡಬೇಕಾದರೆ ಅವರೆಕಾಯಿ ಕಾಲದಲ್ಲಿ ನೋಡಬೇಕು. ಮೇಲೂರಿನವಳು ಹಿಂದಿನ ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ಪಾತ್ರೆಗೆ ಬಟ್ಟೆ ಕಟ್ಟಿಕೊಂಡು ಬಸ್ಸಿನಲ್ಲಿ ತರುತ್ತಿದ್ದಳು. ನಡುವಿನ ಮೇಜಿನ ಮೇಲೆ ಪೇಪರ್ ಹಾಸಿ, ಕಾಲ್ ಇಲ್ಲದ ಹೊತ್ತಿನಲ್ಲಿ ಎಲ್ಲರೂ ಹಿತಕಲು ಕೂರುತ್ತಿದ್ದೆವು. ಕಿವಿಗೆ ಹೆಡ್‌ಫೋನ್, ಕೈಗೆ ಅವರೆಕಾಳು. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಜಾರಿ ಎದುರಿನವರ ಕೀಬೋರ್ಡಿನ ಮೇಲೆ ಬೀಳುತ್ತಿತ್ತು. "ಹಲೋ ಯಜಮಾನ್ರೇ, ಮೊದ್ಲು ವಾಲ್ವ್ ಬಂದ್ ಮಾಡಿ" ಎನ್ನುತ್ತಲೇ ನಗರಗೆರೆಯ ಹುಡುಗ ಸಿಪ್ಪೆ ರಾಶಿ ಹಾಕುತ್ತಿದ್ದ. ಆಫೀಸಿಗೆಲ್ಲ ಅವರೆಯ ಸೊಗಡು. ಸಂಜೆ ಬೇಳೆಯನ್ನು ಪಾಲು ಮಾಡಿ ಅವರವರ ಡಬ್ಬಿಗೆ ತುಂಬಿಕೊಳ್ಳುತ್ತಿದ್ದರು. ನನ್ನ ಪಾಲನ್ನು ನಾನು ಚಿಂತಾಮಣಿಯವಳ ಡಬ್ಬಿಗೇ ಸುರಿಯುತ್ತಿದ್ದೆ. ಹಿತಕಬೇಳೆ ಸಾರು ಹತ್ತು ಜನ ಕೂತು ಉಣ್ಣುವ ಅಡುಗೆ. ಒಬ್ಬಳೇ ಮಾಡಿಕೊಂಡು ಯಾರ ಬಾಯಲ್ಲಿ ಹೊಗಳಿಸಿಕೊಳ್ಳಲಿ?

ಕಳೆದ ಚಳಿಗಾಲ, ಒಂದು ಸೋಮವಾರ, ಬೆಂಗಳೂರಿನ ಹೆಡ್ ಆಫೀಸಿನಿಂದ ನಮ್ಮ ಮೇಲಿನವರು ಫೋನ್ ಮಾಡಿದರು. "ಆ ರೂಮು ಬೇಕಾ ಮೇಡಂ? ಟೀಮ್ ಒಟ್ಟಿಗೆ ಕೂರೋದು ಅಗತ್ಯ ಅಂತ ನೀವಂದ್ರೆ ಇಟ್ಕೊಳ್ಳೋಣ, ಬುಧವಾರದ ಜೊತೆ ಇನ್ನೆರಡು ದಿನಾನೂ ಕರೆಸ್ಕೊಳ್ಳಿ. ಬೇಡಾಂದ್ರೆ ಎಲ್ರೂ ಮನೆಯಿಂದ್ಲೇ ಮಾಡ್ಲಿ. ನಿಮ್ಮ ಮಾತೇ ಫೈನಲ್, ಈ ವಾರ ಹೇಳ್ಬಿಡಿ" ಎಂದರು.

ವಾರಕ್ಕೆ ಮೂರು ದಿನ! ನನಗೆ ಹಬ್ಬದ ಊಟಕ್ಕೆ ಕರೆದಷ್ಟು ಖುಷಿಯಾಯಿತು. ಬೇಕೇ ಬೇಕು ಅನ್ನಲು ಕಾರಣಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಟೀಮ್ ಸ್ಪಿರಿಟ್, ತರಬೇತಿ, ಶಿಸ್ತು, ಇಂಥ ದೊಡ್ಡ ಮಾತುಗಳಿಗೇನು ಬರ. ಆದರೆ ಆ ಕೋಣೆ ಹೋದರೆ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ ಎಂಬುದು ನಿಜವಾದ ಕಾರಣವಾಗಿತ್ತು. ಅದನ್ನು ಹೆಡ್ ಆಫೀಸಿಗೆ ಹೇಳುವಂತಿರಲಿಲ್ಲ.

ಆ ಬುಧವಾರ ಮೇಲೂರಿನವಳು ಬೆಳಗಾಗುತ್ತಲೇ ಫೋನ್ ಮಾಡಿದಳು. "ಮೇಡಂ, ಹುಳ ಹಣ್ಣಾಗೈತೆ, ಇವತ್ತು ಚಂದ್ರಿಕೆಗೆ ಬಿಡ್ಬೇಕು. ಅಮ್ಮ ಒಬ್ರೇ ಆಗ್ತಾರೆ. ಮನೆಯಿಂದ ಮಾಡ್ಲಾ?" ಹಣ್ಣಾದ ಹುಳುವನ್ನು ಆಯ್ದು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನ ರೇಷ್ಮೆ ಮನೆಯವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಗೊತ್ತಿದ್ದೂ "ಇವತ್ತು ಮುಖ್ಯವಾದ ವಿಷಯ ಐತಮ್ಮ, ಬಾ" ಎಂದೆ. ಬಂದಳು. ಕಾಳು ತಂದಿರಲಿಲ್ಲ. ಅವಳ ಫೋನು ಗುರ್ ಗುರ್ ಎನ್ನುತ್ತಲೇ ಇತ್ತು.

ಊಟದ ಹೊತ್ತಿಗೆ ವಿಷಯ ತೆಗೆದೆ. "ಆಫೀಸು ಇರ್ಲಾ, ಬೇಡ್ವಾ? ನಿಜ ಹೇಳಿ, ಬೈಯಲ್ಲ."

ಮೂವರೂ ಮುಖ ಮುಖ ನೋಡಿಕೊಂಡರು. "ನೀವು ಹೇಳ್ದಂಗೆ ಮೇಡಂ" ಎಂದ ನಗರಗೆರೆಯವನು. ಇನ್ನಿಬ್ಬರೂ ತಲೆಯಾಡಿಸಿದರು. ಅಷ್ಟು ಸಾಕಾಗಿತ್ತು ನನಗೆ. ಬಾಯಿ ತೆರೆದು ಹೇಳುವುದಷ್ಟೇ ಬಾಕಿ.

ಆಗ ಚಿಂತಾಮಣಿಯವಳು ತಟ್ಟನೆ ಬ್ಯಾಗನ್ನು ಎದೆಗವಚಿಕೊಂಡು ಎದ್ದಳು. ಕುರ್ತಾ ಎದೆಯ ಮೇಲೆ ಒದ್ದೆಯಾಗಿತ್ತು. ನಾನು ಅವಳ ಹಿಂದೆ ಕೈ ತೊಳೆಯುವ ಕಡೆಗೆ ಹೋದೆ. "ಏನಿಲ್ಲ ಮೇಡಂ" ಎಂದು ನಾಚಿಕೊಂಡಳು. "ಪಾಪು ಹಾಲು ಕುಡಿಯೋ ಹೊತ್ತು. ಅವ್ನು ಅಲ್ಲಿ ಅಳ್ತಾ ಇರ್ತಾನೆ, ಇಲ್ಲಿ ನಂಗೆ ಗೊತ್ತಾಗ್ಬಿಡುತ್ತೆ."

ಚಳಿಗೆಂದು ಹೊದ್ದಿದ್ದ ನನ್ನ ಶಾಲು ತೆಗೆದು ಅವಳಿಗೆ ಹೊದಿಸಿದೆ. ಹೊರಗೆ ಬಂದು ನೋಡಿದರೆ ಮೇಲೂರಿನವಳು ಕಿಟಕಿಯ ಬಳಿ ನಿಂತು ಫೋನಿನಲ್ಲಿ ತಾಯಿಗೆ ಮೆಲ್ಲಗೆ ಸಮಾಧಾನ ಹೇಳುತ್ತಿದ್ದಳು. ಇಬ್ಬರನ್ನೂ ಆಗಲೇ ಮನೆಗೆ ಕಳಿಸಿದೆ. ಅವರು ಮೆಟ್ಟಿಲಿಳಿದ ವೇಗ ನೋಡಿ ನನಗೆ ಅಳು ಬಂತು. ಅವರ ಮೇಲೆ ಕೋಪವಲ್ಲ. ಹಾಗೆ ಓಡಿ ಹೋಗುವಂಥದ್ದು ನನಗೆ ಏನೂ ಇರಲಿಲ್ಲವಲ್ಲ ಎಂದು.

ಅವತ್ತು ಸಂಜೆಯೇ ಬೆಂಗಳೂರಿಗೆ ಫೋನ್ ಮಾಡಿ "ರೂಮು ಬೇಡ ಸರ್" ಎಂದೆ. "ಒಳ್ಳೇದಾಯ್ತು ಮೇಡಂ, ನಿಮಗೂ ಓಡಾಟ ತಪ್ತು" ಎಂದರು. ಹೌದು ಸರ್, ತಪ್ಪಿತು.

ಕೋಣೆ ಬಿಟ್ಟ ಮೇಲೆ ಮನೆಯಿಂದ ಕೆಲಸದ ಮೊದಲ ದಿನ ಅಭ್ಯಾಸದಂತೆ ಗಂಜಿ ಹಾಕಿದ ಸೀರೆ ಉಟ್ಟು, ಜಡೆ ಹೆಣೆದು, ಅಡುಗೆಮನೆಯ ಪಕ್ಕದ ಮೇಜಿಗೆ ಹೋಗಿ ಕೂತೆ. ಮೀಟಿಂಗ್ ಶುರುವಾಯಿತು. ಮೇಲೂರಿನಲ್ಲಿ ಯಾರೋ ಕೊಡ ಇಳಿಸಿದರು, ಚಿಂತಾಮಣಿಯಲ್ಲಿ ಪಾಪು ಕೇಕೆ ಹಾಕಿತು, ನಗರಗೆರೆಯಲ್ಲಿ ಕೋಳಿ. ನಾನು ಯಾರಿಗೂ ಮ್ಯೂಟ್ ಮಾಡಲು ಹೇಳಲಿಲ್ಲ.

"ಮೇಡಂ, ನಿಮ್ಮ ಕಡೆ ಏನೂ ಕೇಳಿಸ್ತಾ ಇಲ್ಲ. ಮ್ಯೂಟಲ್ಲಿದ್ದೀರಾ ನೋಡಿ" ಎಂದ ನಗರಗೆರೆಯವನು.

"ಇಲ್ಲಪ್ಪ, ಆನ್ ಇದೆ" ಎಂದೆ. ಅವನ ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು.

ಮುಂದಿನ ಮಂಗಳವಾರ ಸಂತೆಯಿಂದ ಅವರೆಕಾಯಿ ತಂದು, ಬಿಡಿಸಿ, ನೆನೆಹಾಕಿದೆ. ಬುಧವಾರ ಬೆಳಿಗ್ಗೆ ಒಬ್ಬಳೇ ಕೂತು ಹಿತಕಿದೆ. ಒಬ್ಬಳೇ ಹಿತಕಿದರೆ ಕಾಳು ಮುಗಿಯುವುದೇ ಇಲ್ಲ. ಸಾರು ಕುದಿಯಲು ಇಟ್ಟು, ಪಕ್ಕದ ಒಲೆಗೆ ಅನ್ನದ ಕುಕ್ಕರ್ ಏರಿಸಿ ಮೀಟಿಂಗಿಗೆ ಕೂತೆ. ನಡುವೆ ಅದು ಜೋರಾಗಿ ಕೂಗಿತು.

"ಯಾರ ಮನೇದಮ್ಮ ಕುಕ್ಕರು?" ಎಂದಳು ಮೇಲೂರಿನವಳು, ಥೇಟ್ ನನ್ನದೇ ದನಿಯಲ್ಲಿ. ಎಲ್ಲರೂ ನಕ್ಕರು.

"ನಮ್ಮನೇದು ಕಣಮ್ಮ. ಹಿತಕಬೇಳೆ ಸಾರು."

"ಹೌದಾ! ಯಾರಾದ್ರೂ ಬಂದವ್ರಾ ಮೇಡಂ?"

"ಇಲ್ಲ" ಎಂದೆ.

ಅನ್ನ ಬೆಂದಿತ್ತು. ಆದರೂ ಇನ್ನೊಂದು ಸಲ ಕೂಗಲಿ ಎಂದು ಒಲೆ ಆರಿಸದೆ ಕೂತೆ.