ಮಂಗಳನ ನೀರು, ನಮ್ಮ ಗುಡ್ಡದ ನೀರು

ಅರವತ್ತರ ದಶಕದ ನಡುವಿನಲ್ಲಿ ನಾನು ಹೊಸನಗರ ತಾಲ್ಲೂಕಿನ ಒಂದು ಬೋಳು ಗುಡ್ಡದ ಮೇಲೆ ಮೇಷ್ಟ್ರಾಗಿದ್ದೆ. ಸರ್ಕಾರಿ ಕಾಗದದಲ್ಲಿ ಆ ಗುಡ್ಡಕ್ಕೆ 'ಪುನರ್ವಸತಿ ಗ್ರಾಮ' ಎಂಬ ಗಂಭೀರವಾದ ಹೆಸರಿತ್ತು. ಹೊಳೆಗೆ ಅಣೆಕಟ್ಟು ಕಟ್ಟಿದಾಗ ಸಾಗರದ ಕಡೆ ಮನೆ, ಗದ್ದೆ ಮುಳುಗಿದ ಒಂದಷ್ಟು ಗೇಣಿದಾರರ ಕುಟುಂಬಗಳನ್ನು ಲಾರಿಯಲ್ಲಿ ತಂದು ಅಲ್ಲಿ ಇಳಿಸಿದ್ದರು. ನೀರು ಹೆಚ್ಚಾಗಿ ಊರು ಕಳೆದುಕೊಂಡವರನ್ನು ನೀರೇ ಇಲ್ಲದ ಕಡೆ ತಂದು ಬಿಟ್ಟದ್ದರಲ್ಲಿ ಯಾವುದೋ ಘನವಾದ ನ್ಯಾಯ ಇದ್ದಿರಬೇಕು. ನನಗೆ ಇಂದಿಗೂ ಹೊಳೆದಿಲ್ಲ. ತೋಡಿಸಿಕೊಟ್ಟ ಬಾವಿ ದೀಪಾವಳಿಗೆಲ್ಲ ಒಣಗುತ್ತಿತ್ತು. ಆಮೇಲೆ ಮಳೆ ಹಿಡಿಯುವ ತನಕ ಎರಡು ಮೈಲಿ ಕೆಳಗಿನ ಹಳ್ಳದಿಂದ ಹೆಂಗಸರು ನೀರು ಹೊತ್ತು ತರಬೇಕು.

ನಾನು ತೀರ್ಥಹಳ್ಳಿಯವನು. ವಯಸ್ಸು ಇಪ್ಪತ್ತಮೂರು, ವಿಜ್ಞಾನದ ಹುಚ್ಚು ನೆತ್ತಿಗೇರಿದ್ದ ಕಾಲ. ಹಿಂದಿನ ವರ್ಷವಷ್ಟೇ ಆಕಾಶನೌಕೆಯೊಂದು ಮಂಗಳಗ್ರಹದ ಪಕ್ಕದಲ್ಲಿ ಹಾದು ಫೋಟೋ ಕಳಿಸಿತ್ತು. ಆ ಸುದ್ದಿಯ ಪೇಪರನ್ನು ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದೆ. ಸಂಕ್ರಾಂತಿ ಕಳೆದ ಮೇಲೆ ಸೌರವ್ಯೂಹದ ಪಾಠ ಬಂದದ್ದೇ ತಡ, ದೊಡ್ಡ ಹಾಳೆಯಲ್ಲಿ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಬುಧ: ಸೂರ್ಯನಿಗೆ ತೀರ ಹತ್ತಿರ, ಗಾಳಿಯಿಲ್ಲ. ಶುಕ್ರ: ದಟ್ಟ ಮೋಡ, ಒಳಗೆ ಕುಲುಮೆಯ ಕಾವು. ಮಂಗಳ: ಗಾಳಿ ತೆಳು, ಹರಿಯುವ ನೀರಿಲ್ಲ. ಗುರು, ಶನಿ: ವಿಪರೀತ ಚಳಿ, ಕಾಲೂರಲು ನೆಲವಿಲ್ಲ. ಎಲ್ಲದರ ಮುಂದೆಯೂ ಕೆಂಪು ಶಾಯಿಯಲ್ಲಿ 'ವಾಸಯೋಗ್ಯವಲ್ಲ' ಎಂದು ಷರಾ ಬರೆದೆ. ಗ್ರಹಗಳಿಗೆಲ್ಲ ಅರ್ಜಿ ವಜಾ ಮಾಡಿದ ಅಮಲ್ದಾರನ ಗತ್ತು ನನಗೆ ಬಂದಿತ್ತು.

ಶಾಲೆಯ ಪಕ್ಕದ ಮನೆಯ ಅಜ್ಜಿ ನೀರಿನ ಕೊಡವನ್ನು ಜಗಲಿಯ ಮೇಲಿಟ್ಟು ಸುಧಾರಿಸಿಕೊಳ್ಳುತ್ತಾ ಪಾಠ ಕೇಳಿದಳು. ಮುಗಿದ ಮೇಲೆ ಕೇಳಿದಳು: "ಮೇಷ್ಟ್ರೆ, ಅಲ್ಲಿಗೆಲ್ಲ ಯಾರಾದ್ರೂ ಹೋಗಿ ಬಂದಿದಾರಾ?"

"ಇಲ್ಲ ಅಜ್ಜಿ. ದೂರದಿಂದಲೇ ನೋಡಿ ಹೇಳ್ತಾರೆ."

"ಹೋಗ್ದೇನೇ ನೀರಿಲ್ಲ ಅಂತ ಗೊತ್ತಾಯ್ತಾ? ನಮ್ಮಲ್ಲಿಗೆ ಸರ್ಕಾರದವ್ರು ಮೂರು ಸಲ ಬಂದ್ರಲ್ಲ ಮಾರಾಯ್ರೆ, ಅವ್ರಿಗೆ ಎಂತಕ್ಕೆ ಗೊತ್ತಾಗ್ಲಿಲ್ಲ?"

ಅವಳ ಸೊಸೆಗೆ ಆಗ ಆರು ತಿಂಗಳು. ಅಜ್ಜಿ ಒಂದು ಸಲ ಹಳ್ಳಕ್ಕೆ ಹೋದರೆ ಸೊಸೆ ಎರಡು ಸಲ ಹೋಗುತ್ತಿದ್ದಳು. ಮೊದಲನೆಯ ಬಸಿರು ಹಳ್ಳದ ಏರಿನಲ್ಲೇ ಇಳಿದುಹೋಗಿತ್ತು. "ಇದೊಂದು ಹೆರೋದ್ರೊಳಗೆ ನೀರಿರೋ ಜಾಗ ಕೊಡ್ಲಿ. ನೀವು ಆ ಗ್ರಹಕ್ಕೆ ಬರ್ದ ಹಂಗೇ ನಮ್ಗೂ ಒಂದು ಬರ್ಕೊಡಿ" ಎಂದಳು.

ಬರೆದೆ. ಹೇಗೆ ಬರೆದೆ ಎನ್ನುತ್ತೀರಿ! ಸೌರವ್ಯೂಹದಿಂದ ಹೊರಟವನು ಗುಡ್ಡಕ್ಕೆ ಬಂದು ಮುಟ್ಟುವಾಗ ಮೂರನೆಯ ಪುಟ. ಅದರ ಕೆಳಗೆ ಊರಿನವರ ಹೆಬ್ಬೆಟ್ಟು. ಹತ್ತು ದಿನಕ್ಕೆ ತಾಲ್ಲೂಕು ಕಚೇರಿಯಿಂದ ಅರ್ಜಿ ವಾಪಸು ಬಂತು: 'ಸದರಿ ಗ್ರಹಗಳು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.' ನನಗೆ ಮೈಯೆಲ್ಲ ಉರಿಯಿತು. ಸಿಟ್ಟಿನಲ್ಲಿ ನಾಲ್ಕೇ ಸಾಲು ಗೀಚಿ ಕಳಿಸಿದೆ, ಅದಕ್ಕೆ ಅಲ್ಲಿನ ಸಾಹೇಬರು ಸ್ಥಳ ನೋಡಲು ಬರಲು ಒಪ್ಪಿದರು.

ಶಿವರಾತ್ರಿ ಕಳೆದು ಒಂದು ಮಧ್ಯಾಹ್ನ ಜೀಪು ಬಂತು. ನನ್ನ ಏರ್ಪಾಡು ಪಕ್ಕಾ ಇತ್ತು. ಬಾವಿಯ ಸುತ್ತ ಖಾಲಿ ಕೊಡಗಳ ಸಾಲು. ಸಾಹೇಬರು ಒಳಗೆ ಕಲ್ಲೊಂದನ್ನು ಹಾಕಿದರು, ಠಣ್ ಎಂದಿತು. "ಹನಿ ನೀರಿಲ್ಲವಲ್ರೀ" ಎಂದು ಪೆನ್ನು ಹೊರತೆಗೆದರು. ಅಷ್ಟರಲ್ಲಿ ಅವರಿಗೆ ಬಿಸಿಲು ಹತ್ತಿ, "ಸ್ವಲ್ಪ ಕೂರೋಣ" ಎಂದು ಅಜ್ಜಿಯ ಜಗಲಿಗೆ ನಡೆದರು.

ಕೂತದ್ದೇ ಕೂತದ್ದು. ಅಜ್ಜಿ ಕಾಲಿಗೆ ಒಂದು ಚೊಂಬು ನೀರು ತಂದಿಟ್ಟಳು. ಆಮೇಲೆ ತಟ್ಟೆಯಲ್ಲಿ ಬೆಲ್ಲ, ಮಣ್ಣಿನ ಹೂಜಿಯ ತಣ್ಣನೆಯ ನೀರು. ಸಾಹೇಬರು ಕಾಲು ತೊಳೆದರು, ಮುಖ ತೊಳೆದರು, ಎರಡು ಚೊಂಬು ಕುಡಿದರು. ಡ್ರೈವರೂ ಕುಡಿದ. ನಾನಾದರೂ ತಡೆದೆನೆ? "ಇನ್ನೊಂದು ಸ್ವಲ್ಪ ತಗೊಳ್ಳಿ ಸಾರ್, ಸಂಕೋಚ ಬೇಡ" ಎಂದು ಉಪಚಾರ ಮಾಡಿದವನೇ ನಾನು. ಬಂದವರಿಗೆ ನೀರು, ಬೆಲ್ಲ ಕೊಡುವುದು ನಮ್ಮ ಕಡೆ ಯೋಚಿಸಿ ಮಾಡುವ ಕೆಲಸವಲ್ಲ.

ಯುಗಾದಿ ಕಳೆದು ವರದಿಯ ಪ್ರತಿ ಬಂತು. 'ಸ್ಥಳದಲ್ಲಿ ಸಿಹಿನೀರಿನ ಅನುಕೂಲವಿರುತ್ತದೆ. ಖುದ್ದಾಗಿ ಕುಡಿದು ನೋಡಲಾಗಿದೆ. ವಾಸಯೋಗ್ಯ.' ಮಂಗಳಗ್ರಹದ ಪುಣ್ಯ, ಅಲ್ಲಿ ನೌಕೆಯನ್ನು ಕೂರಿಸಿ ಬೆಲ್ಲ ಕೊಡುವವರು ಇರಲಿಲ್ಲ.

ವರದಿ ಹಿಡಿದು ಅಜ್ಜಿಯ ಮನೆಗೆ ಹೋಗಿ ಕೂಗಾಡಿದೆ. "ಅವತ್ತು ಒಂದು ದಿನ ನೀರು ಕೊಡದಿದ್ದರೆ ಗಂಟೇನು ಹೋಗ್ತಿತ್ತು? ಎಲ್ಲ ಕೆಡಿಸಿಬಿಟ್ರಲ್ಲ!"

ಅಜ್ಜಿ, "ಬಿಸಿಲಲ್ಲಿ ಬಂದವ್ರನ್ನ ಹಂಗೇ ಕಳ್ಸೋಕಾಗ್ತದಾ ಮೇಷ್ಟ್ರೆ?" ಎಂದಳು. ಅವಳ ಕಣ್ಣು ತುಂಬಿತ್ತು. ನಾನು ಆಗಲೂ ನಿಲ್ಲಿಸಲಿಲ್ಲ. ಗಂಟಲು ಒಣಗುವ ತನಕ ಬೈದೆ.

ದಿನ ತುಂಬಿದ ಸೊಸೆ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು, ನನ್ನ ಮುಂದೆ ಬೆಲ್ಲ ಮತ್ತು ಒಂದು ಚೊಂಬು ನೀರು ಇಟ್ಟಳು. ಕೈ ತಾನಾಗಿ ಹೋಯಿತು, ಪೂರ್ತಿ ಕುಡಿದೆ. ಚೊಂಬು ಕೆಳಗಿಡುವಾಗ ಅದು ಯಾರು ಹೊತ್ತ ನೀರು ಎಂದು ಹೊಳೆದು ವಿಪರೀತ ನಾಚಿಕೆಯಾಯಿತು. ನನ್ನ ಬಿಡಾರಕ್ಕೂ ದಿನಕ್ಕೊಂದು ಕೊಡ ಹೀಗೆಯೇ ಬರುತ್ತಿತ್ತು. ಎದ್ದವನೇ ಮೂಲೆಯಲ್ಲಿದ್ದ ಖಾಲಿ ಕೊಡವನ್ನು ಎತ್ತಿಕೊಂಡು ಅಂಗಳಕ್ಕೆ ಇಳಿದೆ.

"ಬ್ಯಾಡ, ಇಡಿ" ಎಂದಳು ಸೊಸೆ. "ನಿಮ್ಗೆ ಹಳ್ಳದ ದಾರಿ ಗೊತ್ತಿಲ್ಲ."

ನಿಜವಾಗಿತ್ತು. ನಾನು ಆ ಊರಿಗೆ ಬಂದು ಹತ್ತು ತಿಂಗಳಾಗಿತ್ತು.